ಹಿರಿಯರ ಸ್ವಾವಲಂಬನೆ: ಮುಪ್ಪೋ, ಮಾತ್ರೆಯೋ?

'ವಯಸ್ಸಾಯಿತು' ಎಂಬ ಒಂದು ಮಾತು ನಮ್ಮ ಮನೆಗಳಲ್ಲಿ ಬಹು ಸುಲಭವಾಗಿ ಬಳಕೆಯಾಗುತ್ತದೆ. ಅಜ್ಜನವರ ನಡಿಗೆ ನಿಧಾನವಾದರೆ ವಯಸ್ಸಾಯಿತು. ಅಜ್ಜಿ ಹೇಳಿದ್ದನ್ನೇ ಮತ್ತೆ ಹೇಳತೊಡಗಿದರೆ ವಯಸ್ಸಾಯಿತು. ಬಚ್ಚಲಿನಲ್ಲಿ ಕಾಲು ಜಾರಿದರೆ ವಯಸ್ಸಾಯಿತು. ಈ ಮಾತನ್ನಾಡಿದ ಮೇಲೆ ಮುಂದಿನ ವಿಚಾರಣೆ ನಿಂತುಹೋಗುತ್ತದೆ. ಕಾರಣ ತಿಳಿಯಿತೆಂಬ ಸಮಾಧಾನ ಮನೆಯವರಿಗೆ. ತನ್ನ ಕಾಲ ಮುಗಿಯಿತೆಂಬ ಭಾವನೆ ಹಿರಿಯರಿಗೆ.

ಮುಪ್ಪು ಸುಳ್ಳಲ್ಲ. ದೇಹ ಸವೆಯುವುದು ಪ್ರಕೃತಿಯ ನಿಯಮ. ಆದರೆ ಮುಪ್ಪಿನ ಲೆಕ್ಕಕ್ಕೆ ನಾವು ಬರೆದಿಡುವ ಎಷ್ಟೋ ಸಂಗತಿಗಳು ವಾಸ್ತವವಾಗಿ ಮಾತ್ರೆಯ ಡಬ್ಬಿಯ ಲೆಕ್ಕಕ್ಕೆ ಸೇರಬೇಕಾದವು. ನಾವು ವೈದ್ಯರಲ್ಲ, ಓದಿದ್ದು ಮಠದ ಪಾಠಶಾಲೆಯಲ್ಲಿ, ವ್ಯಾಕರಣ ಮತ್ತು ಶಾಸ್ತ್ರ. ಇಲ್ಲಿ ಬರೆಯುತ್ತಿರುವುದು ಬಲ್ಲ ವೈದ್ಯರಿಂದ ಕೇಳಿ, ಅವರು ತೋರಿಸಿದ ಬರಹಗಳನ್ನು ಓದಿಸಿ ತಿಳಿದುಕೊಂಡದ್ದು. ತಿಳಿದುಕೊಳ್ಳಲೇಬೇಕಾದ ಸಂದರ್ಭವನ್ನು ಒಂದು ಮನೆ ನಮಗೆ ತಂದೊಡ್ಡಿತು.

ಒಂದು ಮನೆಯ ಸಂಗತಿ

ಧಾರವಾಡ ಸೀಮೆಯ ಒಂದು ಹಳ್ಳಿಯಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಮನೆತನವಿದೆ. ಯಜಮಾನರು ಲಿಂಗೈಕ್ಯರಾದ ಮೇಲೆ, ೭೪ ವರ್ಷದ ತಾಯಿಯವರು ಆ ಮನೆಯಲ್ಲಿ ಒಬ್ಬರೇ ಇದ್ದರು. ಮಗ, ಸೊಸೆ ಹುಬ್ಬಳ್ಳಿಯಲ್ಲಿ. ನಸುಕಿನಲ್ಲಿ ಎದ್ದು ಮೀಯುವುದು, ಇಷ್ಟಲಿಂಗ ಪೂಜೆ, ಎರಡು ರೊಟ್ಟಿ ಬಡಿದುಕೊಳ್ಳುವುದು, ಎಮ್ಮೆಯ ಹಾಲನ್ನು ಡೇರಿಗೆ ಕಳಿಸಿ ಲೆಕ್ಕ ಬರೆಸುವುದು, ಎಲ್ಲವೂ ಅವರದೇ. ಮನೆಯ ಕೀಲಿಕೈ ಸದಾ ಅವರ ಸೊಂಟದಲ್ಲಿ.

ಒಂದು ಸಲ ಪೇಟೆಯ ಆಸ್ಪತ್ರೆಯಲ್ಲಿ ತಪಾಸಣೆಯಾದಾಗ ರಕ್ತದೊತ್ತಡ ಹೆಚ್ಚಿದೆಯೆಂದು ತಿಳಿಯಿತು. ಆಮ್ಲೋಡಿಪಿನ್ ಎಂಬ ಮಾತ್ರೆ ಆರಂಭವಾಯಿತು. ಅದು ಬೇಕಾದ ಚಿಕಿತ್ಸೆಯೇ. ಮೂರು ತಿಂಗಳಲ್ಲಿ ಪಾದಗಳು ಬಾತವು. ಇನ್ನೊಬ್ಬ ವೈದ್ಯರು ಬಾವು ನೋಡಿ, ಮೂತ್ರ ಹೆಚ್ಚಿಸಿ ನೀರಿಳಿಸುವ ಮಾತ್ರೆ ಕೊಟ್ಟರು. ಅದರಿಂದ ರಾತ್ರಿ ನಾಲ್ಕೈದು ಸಲ ಏಳಬೇಕಾಯಿತು. ಶೌಚಕ್ಕೆ ಹಿತ್ತಿಲಿಗೇ ಹೋಗಬೇಕು. ನಿದ್ದೆ ಕೆಟ್ಟಿತು. ಔಷಧಿ ಅಂಗಡಿಯವನು ಸಣ್ಣದೊಂದು ನಿದ್ದೆಯ ಗುಳಿಗೆ ಕೊಟ್ಟ. ಬೆಳಿಗ್ಗೆ ಏಳುವಾಗ ತಲೆ ತಿರುಗತೊಡಗಿತು. ಮತ್ತೊಂದು ಕಡೆ ತೋರಿಸಿದಾಗ ತಲೆಸುತ್ತಿಗೆ ಸಿನ್ನರಿಜಿನ್ ಎಂಬ ಮಾತ್ರೆ ಬಂತು. ಇಷ್ಟೆಲ್ಲ ಗುಳಿಗೆ ನುಂಗಿ ಹೊಟ್ಟೆಯುಬ್ಬರವೆಂದಾಗ, ಆಮ್ಲ ತಗ್ಗಿಸುವ ಔಷಧಿಯೊಡನೆ ಲೆವೊಸಲ್ಪಿರೈಡ್ ಬೆರೆತ ಕ್ಯಾಪ್ಸೂಲು ಸೇರಿತು.

ವರ್ಷ ತುಂಬುವುದರೊಳಗೆ ಆ ತಾಯಿ ಬೇರೆಯೇ ಆಗಿದ್ದರು. ಹೆಜ್ಜೆ ಸಣ್ಣದಾಯಿತು. ಮುಖದಲ್ಲಿ ನಗೆ, ಅಳು ಎರಡೂ ಕಾಣದಾದವು. ಎರಡೂ ಕೈಗಳಲ್ಲಿ ನಡುಕ. ರೊಟ್ಟಿ ಬಡಿಯುವುದು ನಿಂತಿತು, ಎಮ್ಮೆ ಮಾರಲಾಯಿತು. ಒಂದು ರಾತ್ರಿ ಹಿತ್ತಿಲಿನಲ್ಲಿ ಬಿದ್ದರು. ಪುಣ್ಯಕ್ಕೆ ಎಲುಬು ಮುರಿಯಲಿಲ್ಲ. ಆದರೆ ಮಗ ಮನೆಗೆ ಕೀಲಿ ಹಾಕಿ ತಾಯಿಯನ್ನು ಹುಬ್ಬಳ್ಳಿಗೆ ಕರೆದೊಯ್ಯುವುದೆಂದು ನಿಶ್ಚಯಿಸಿದರು. ತಾಯಿ ಒಪ್ಪಲಿಲ್ಲ. ಮನವೊಲಿಸಲು ನಮ್ಮನ್ನು ಕರೆಸಿದರು.

ಸತ್ಯವನ್ನು ಮರೆಮಾಚದೆ ಹೇಳುವುದಾದರೆ, ನಾವೂ ಮಗನ ಪರವಾಗಿಯೇ ಹೋಗಿದ್ದೆವು. ಇಳಿವಯಸ್ಸಿನಲ್ಲಿ ಮಕ್ಕಳ ಆಶ್ರಯದ ಹಿರಿಮೆಯನ್ನು ಹೇಳಬೇಕೆಂದು ಮಾತುಗಳನ್ನು ಜೋಡಿಸಿಕೊಂಡಿದ್ದೆವು. ಆ ತಾಯಿ ಮಾತ್ರ ವಾದಿಸಲಿಲ್ಲ. ಎಡಗೈಯನ್ನು ಮುಂದೆ ಚಾಚಿ, "ಲಿಂಗ ಅಂಗೈಯಾಗ ನಿಲ್ಲವಲ್ದು ನೋಡ್ರಿ ಶಾಸ್ತ್ರಿಗಳ. ನನ್ನ ಕೈ ನನ್ನ ಮಾತು ಕೇಳವಲ್ದು" ಎಂದರು. ನಾವು ಜೋಡಿಸಿಕೊಂಡಿದ್ದ ಮಾತುಗಳು ಅಲ್ಲಿಯೇ ಉಳಿದವು.

ಸ್ವಾವಲಂಬನೆ ಎಂದರೇನು?

ಸ್ವಾವಲಂಬನೆ ಎಂಬುದು ಒಮ್ಮೆಲೇ ಬಿದ್ದುಹೋಗುವ ಗೋಡೆಯಲ್ಲ. ಒಂದೊಂದೇ ಇಟ್ಟಿಗೆ ಸಡಿಲವಾಗುತ್ತ ಹೋಗುತ್ತದೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ೧೯೬೩ರಲ್ಲಿ ಇದನ್ನು ಅಳೆಯಲು ಆರು ಕೆಲಸಗಳನ್ನು ಗುರುತಿಸಿದರು: ತಾನೇ ಮೀಯುವುದು, ಬಟ್ಟೆ ಉಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರಗಳ ಹತೋಟಿ, ತಾನೇ ಉಣ್ಣುವುದು. ೧೯೬೯ರಲ್ಲಿ ಲಾಟನ್ ಮತ್ತು ಬ್ರೋಡಿ ಎಂಬ ಇಬ್ಬರು ಮನೆ ನಡೆಸುವ ಎಂಟು ಸಾಮರ್ಥ್ಯಗಳನ್ನು ಹೇಳಿದರು. ಅಡಿಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಸಂತೆ-ಪೇಟೆ, ಪ್ರಯಾಣ, ದೂರವಾಣಿಯ ಬಳಕೆ, ಹಣಕಾಸಿನ ಲೆಕ್ಕ ಇವು ಏಳು. ಎಂಟನೆಯದು, ತನ್ನ ಔಷಧಿಯನ್ನು ತಾನೇ ಸರಿಯಾಗಿ ತೆಗೆದುಕೊಳ್ಳುವುದು.

ಈ ಎಂಟನೆಯದನ್ನು ಓದುಗರು ಗಮನಿಸಬೇಕು. ಔಷಧಿಯನ್ನು ನಿಭಾಯಿಸುವುದೇ ಸ್ವಾವಲಂಬನೆಯ ಒಂದು ಗುರುತು. ಆ ಔಷಧಿಯೇ ತಪ್ಪಿದರೆ ಉಳಿದ ಹದಿಮೂರನ್ನೂ ಅಲುಗಾಡಿಸಬಲ್ಲದು. ಈ ದೃಷ್ಟಿಯಿಂದ ನೋಡಿದರೆ ಆ ತಾಯಿಯವರಿಗೆ ರೊಟ್ಟಿ, ಹಾಲಿನ ಲೆಕ್ಕ, ರಾತ್ರಿಯ ಹಿತ್ತಿಲು, ಅಂಗೈಯ ಸ್ಥಿರತೆ ಇವೆಲ್ಲ ಒಂದೊಂದಾಗಿ ಕೈಬಿಟ್ಟುಹೋಗಿದ್ದವು. ಕೊನೆಗೆ ಹೋಗಲಿದ್ದದ್ದು ಮನೆಯೇ.

ದೇಹ ಬದಲಾದರೂ ಬದಲಾಗದ ಮಾತ್ರೆ

ಇಪ್ಪತ್ತರ ಯುವಕನೂ ಎಂಬತ್ತರ ಅಜ್ಜನೂ ಒಂದೇ ಮಾತ್ರೆ ನುಂಗಬಹುದು. ಅದು ಮಾಡುವ ಕೆಲಸ ಮಾತ್ರ ಒಂದೇ ಅಲ್ಲ. ವಯಸ್ಸಾದಂತೆ ದೇಹದಲ್ಲಿ ನೀರಿನಂಶ ತಗ್ಗಿ ಕೊಬ್ಬಿನಂಶದ ಪಾಲು ಏರುತ್ತದೆ. ಮೂತ್ರಪಿಂಡ ಸೋಸುವ ವೇಗ ಸಾಮಾನ್ಯವಾಗಿ ಇಳಿಯುತ್ತದೆ. ಯಕೃತ್ತಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಹೀಗಾಗಿ ಕೊಬ್ಬಿನಲ್ಲಿ ಕರಗುವ ಔಷಧಿಗಳು ದೇಹದೊಳಗೇ ಬಹುಕಾಲ ತಂಗುತ್ತವೆ.

ಡಯಜೆಪಾಂ ಎಂಬ ನಿದ್ದೆಯ ಹಾಗೂ ಆತಂಕದ ಮಾತ್ರೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ೧೯೭೫ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ೨೦ರ ವಯಸ್ಸಿನಲ್ಲಿ ಸುಮಾರು ೨೦ ಗಂಟೆ ಸಾಕು. ೮೦ರ ವಯಸ್ಸಿನಲ್ಲಿ ಸುಮಾರು ೯೦ ಗಂಟೆ ಬೇಕು. ನಿನ್ನೆಯ ಮಾತ್ರೆ ಇಳಿಯುವ ಮುನ್ನವೇ ಇಂದಿನದು ಸೇರಿದರೆ, ವಾರ ಕಳೆಯುವುದರೊಳಗೆ ಹಗಲೂ ಅರೆನಿದ್ದೆಯೇ. ಮನೆಯವರು ಅದನ್ನು ಮರೆವು ಎನ್ನುತ್ತಾರೆ, ಅರಳುಮರುಳು ಎನ್ನುತ್ತಾರೆ.

ಮಾತ್ರೆಯ ಬೆನ್ನಿಗೆ ಮಾತ್ರೆ

ಆ ತಾಯಿಯ ವಿಷಯದಲ್ಲಿ ನಡೆದದ್ದು ಅಪೂರ್ವವಾದುದಲ್ಲ. ಒಂದು ಔಷಧಿಯ ಅಡ್ಡಪರಿಣಾಮವನ್ನು ಹೊಸ ರೋಗವೆಂದು ತಿಳಿದು ಇನ್ನೊಂದು ಔಷಧಿ ಕೊಡುವುದು, ಅದರ ಅಡ್ಡಪರಿಣಾಮಕ್ಕೆ ಮತ್ತೊಂದು. ಈ ಸರಪಳಿಗೆ ರೋಷೋನ್ ಮತ್ತು ಗುರ್ವಿಟ್ಜ್ ಎಂಬ ವೈದ್ಯವಿಜ್ಞಾನಿಗಳು ೧೯೯೫ರಲ್ಲಿಯೇ ಒಂದು ಹೆಸರು ಕೊಟ್ಟು ಎಚ್ಚರಿಸಿದ್ದಾರೆ. ಆಮ್ಲೋಡಿಪಿನ್‌ನಿಂದ ಪಾದ ಬಾಯುವುದು, ಆ ಬಾವಿಗೆ ಮೂತ್ರದ ಮಾತ್ರೆ ಬೀಳುವುದು ಈ ಸರಪಳಿಗೆ ವೈದ್ಯರೇ ಕೊಡುವ ಪ್ರಸಿದ್ಧ ಉದಾಹರಣೆ.

ಸಿನ್ನರಿಜಿನ್, ಫ್ಲುನಾರಿಜಿನ್, ಲೆವೊಸಲ್ಪಿರೈಡ್, ಮೆಟೊಕ್ಲೋಪ್ರಮೈಡ್ ಇವು ಮಿದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯದ ಕೆಲಸವನ್ನು ತಡೆಯುತ್ತವೆ. ತಿಂಗಳುಗಟ್ಟಲೆ ನುಂಗಿದ ವೃದ್ಧರಲ್ಲಿ ಥೇಟು ಪಾರ್ಕಿನ್ಸನ್ ರೋಗದಂತೆಯೇ ನಡುಕ, ಬಿಗಿತ, ನಿಧಾನಗತಿ ಕಾಣಿಸಿಕೊಳ್ಳಬಹುದು. ಒಳ್ಳೆಯ ಸಂಗತಿಯೆಂದರೆ, ಔಷಧಿ ನಿಂತ ಮೇಲೆ ಬಹುಮಂದಿಯಲ್ಲಿ ಇದು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಇಳಿಯುತ್ತದೆ. ಗುರುತಿಸದೆ ಬಿಟ್ಟರೆ, ನಡುಕಕ್ಕೆಂದು ಮತ್ತೊಂದು ಮಾತ್ರೆ ಸೇರುತ್ತದೆ.

ಯಾವ ಮಾತ್ರೆ, ಯಾವ ನಷ್ಟ?

ವೃದ್ಧರಿಗೆ ಎಚ್ಚರದಿಂದ ಕೊಡಬೇಕಾದ ಔಷಧಿಗಳ ಪಟ್ಟಿಯನ್ನು ಅಮೆರಿಕದ ಮಾರ್ಕ್ ಬೀರ್ಸ್ ಎಂಬ ವೈದ್ಯರು ೧೯೯೧ರಲ್ಲಿ ಮೊದಲು ಸಿದ್ಧಪಡಿಸಿದರು. ಅದರ ಪರಿಷ್ಕೃತ ರೂಪ ೨೦೨೩ರಲ್ಲಿ ಹೊರಬಂದಿದೆ. ಅದರಲ್ಲಿ ನಮ್ಮ ಮನೆಗಳ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಸಿಗುವ ಹೆಸರುಗಳೇ ಇವೆ.

ಅಲ್ಪ್ರಜೋಲಾಂ, ಡಯಜೆಪಾಂ ಮೊದಲಾದ ನಿದ್ದೆ-ಆತಂಕದ ಮಾತ್ರೆಗಳು ನಡಿಗೆಯ ಸಮತೋಲವನ್ನೂ ನೆನಪನ್ನೂ ಕೆಡಿಸುತ್ತವೆ. ಬಿದ್ದು ತೊಡೆಯ ಎಲುಬು ಮುರಿದುಕೊಂಡ ಹಿರಿಯರಲ್ಲಿ ಅನೇಕರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ.

ನೆಗಡಿಯ ಗುಳಿಗೆಗಳಲ್ಲಿರುವ ಕ್ಲೋರ್‌ಫೆನಿರಮೈನ್ ಬಾಯಿ ಒಣಗಿಸಿ, ಮಲ ಕಟ್ಟಿಸಿ, ಬುದ್ಧಿಗೆ ಮಬ್ಬು ಕವಿಸಬಲ್ಲದು. ಪ್ರಾಸ್ಟೇಟ್ ದೊಡ್ಡದಾದ ಗಂಡಸರಿಗೆ ಮೂತ್ರವನ್ನೇ ಕಟ್ಟಿಸಬಲ್ಲದು.

ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ದೇಹದಲ್ಲಿ ಬಹುಹೊತ್ತು ಉಳಿದು ರಕ್ತದ ಸಕ್ಕರೆಯನ್ನು ಅತಿಯಾಗಿ ಇಳಿಸುತ್ತದೆ. ಶಿವರಾತ್ರಿಯಂದು, ಶ್ರಾವಣ ಸೋಮವಾರದಂದು ಉಪವಾಸವಿದ್ದೂ ಮಾತ್ರೆ ತಪ್ಪಿಸದ ಹಿರಿಯರು ಬೆವರಿ, ತಬ್ಬಿಬ್ಬಾಗಿ ಕುಸಿಯುವುದುಂಟು. ಉಪವಾಸದ ಸಂಕಲ್ಪಕ್ಕೆ ಮೊದಲು ವೈದ್ಯರ ಮಾತು ಕೇಳುವುದರಿಂದ ಭಕ್ತಿಗೆ ಕುಂದು ಬಾರದು.

ಮೊಣಕಾಲು ನೋವಿಗೆ ನಿತ್ಯ ನುಂಗುವ ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡುತ್ತವೆ, ರಕ್ತದೊತ್ತಡ ಏರಿಸುತ್ತವೆ. ಕೆಲವು ಬಗೆಯ ರಕ್ತದೊತ್ತಡದ ಮಾತ್ರೆ ಮತ್ತು ಮೂತ್ರದ ಮಾತ್ರೆಗಳೊಡನೆ ಸೇರಿದಾಗ ಮೂತ್ರಪಿಂಡಕ್ಕೆ ಹಾನಿ ತರುತ್ತವೆ.

ನಮ್ಮ ಮನೆಗಳ ಲೋಪ

ಇದರಲ್ಲಿ ವೈದ್ಯರನ್ನಷ್ಟೇ ದೂರಿ ಫಲವಿಲ್ಲ. ಹೃದಯಕ್ಕೊಬ್ಬರು, ಸಕ್ಕರೆಗೊಬ್ಬರು, ಮೊಣಕಾಲಿಗೊಬ್ಬರು ಎಂದು ನಾಲ್ಕು ಕಡೆ ತೋರಿಸುತ್ತೇವೆ. ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸುವುದಿಲ್ಲ. ಒಂದೇ ಔಷಧಿ ಎರಡು ಕಂಪನಿಗಳ ಹೆಸರಿನಲ್ಲಿ ಬಂದರೆ ಎರಡನ್ನೂ ನುಂಗಿಸುತ್ತೇವೆ. ಔಷಧಿಯ ಪಟ್ಟಿಯನ್ನು ಕತ್ತರಿಸಿ ನಾಲ್ಕು ಗುಳಿಗೆ ಕೊಡಿರೆಂದು ಕೇಳುತ್ತೇವೆ. ಹೆಸರು, ಅವಧಿ ಮುಗಿಯುವ ದಿನಾಂಕ ಎರಡೂ ಅಂಗಡಿಯಲ್ಲೇ ಉಳಿಯುತ್ತವೆ. ಅಲ್ಪ್ರಜೋಲಾಂ, ಡಯಜೆಪಾಂಗಳು ೨೦೧೪ರ ಮಾರ್ಚ್‌ನಿಂದ ಎಚ್-೧ ಅನುಸೂಚಿಗೆ ಸೇರಿವೆ. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಅಂಗಡಿಯವರು ಬೇರೆಯೇ ಪುಸ್ತಕದಲ್ಲಿ ವೈದ್ಯರ ಹಾಗೂ ರೋಗಿಯ ಹೆಸರು ಬರೆದಿಡಬೇಕು. ಆದರೂ ಪರಿಚಯದ ಅಂಗಡಿಯೆಂದು ನಾವೇ ಕೈಯೊಡ್ಡುತ್ತೇವೆ. ಸಂಧಿವಾತಕ್ಕೆಂದು ಹೆಸರಿಲ್ಲದ ಪೊಟ್ಟಣಗಳಲ್ಲಿ ಬರುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದ ಸಂಗತಿ ಹಲವು ಸಲ ಬಯಲಾಗಿದೆ. ಅವನ್ನೂ 'ನಾಟಿ ಔಷಧ, ಏನೂ ಆಗುವುದಿಲ್ಲ' ಎಂದು ಕೊಡುತ್ತೇವೆ.

ಇನ್ನೊಂದು ಲೋಪ ಪ್ರೀತಿಯ ವೇಷದಲ್ಲಿ ಬರುತ್ತದೆ. ಹಿರಿಯರು ಸ್ವಲ್ಪ ತಡವರಿಸಿದೊಡನೆ ಅವರ ಕೆಲಸವನ್ನು ನಾವು ಕಸಿದುಕೊಳ್ಳುತ್ತೇವೆ. "ಅತ್ತಿ, ನೀವು ಸುಮ್ಮ ಕೂಡ್ರಿ, ನಾ ಮಾಡ್ತೀನಿ" ಎನ್ನುವ ಸೊಸೆಯ ಮನಸ್ಸು ಒಳ್ಳೆಯದೇ. ಆದರೆ ಕುಳಿತ ಕಾಲಿನ ಸ್ನಾಯು ವಾರಗಳಲ್ಲಿಯೇ ಸೊರಗುತ್ತದೆ. ಮಾತ್ರೆ ಮಾಡಿದ ಹಾನಿಯನ್ನು ಕುರ್ಚಿ ಪೂರ್ಣಗೊಳಿಸುತ್ತದೆ. ಆಮೇಲೆ ಮಾತ್ರೆ ಸರಿಪಡಿಸಿದರೂ ಕಾಲು ಬೇಗ ಮರಳುವುದಿಲ್ಲ.

ಬಿಡುವುದೂ ಅಪಾಯವೇ

ಇದನ್ನು ಓದಿ ಯಾರೂ ಇಂದೇ ಡಬ್ಬಿಯನ್ನು ಹಿತ್ತಿಲಿಗೆ ಎಸೆಯಬಾರದು. ರಕ್ತದೊತ್ತಡದ ಮಾತ್ರೆ ಬಿಟ್ಟು ಲಕ್ವ ಹೊಡೆದು ಹಾಸಿಗೆ ಹಿಡಿದವರನ್ನು ನಾವು ಬಲ್ಲೆವು. ಅವರು ಕಳೆದುಕೊಂಡದ್ದೂ ಸ್ವಾವಲಂಬನೆಯನ್ನೇ. ಐರ್ಲೆಂಡಿನ ವೈದ್ಯರು ೨೦೦೮ರಲ್ಲಿ ಸಿದ್ಧಪಡಿಸಿದ ಸೂತ್ರದಲ್ಲಿ ಎರಡು ಭಾಗಗಳಿವೆ: ವೃದ್ಧರಿಗೆ ನಿಲ್ಲಿಸಬೇಕಾದುವು ಒಂದು, ಬೇಕಿದ್ದೂ ಕೊಡದೆ ಉಳಿದವು ಇನ್ನೊಂದು. ಹೆಚ್ಚಾದುದೂ ದೋಷ, ಕಡಿಮೆಯಾದುದೂ ದೋಷ.

ಅಷ್ಟೇ ಅಲ್ಲ, ಕೆಲವು ಔಷಧಿಗಳನ್ನು ಥಟ್ಟನೆ ನಿಲ್ಲಿಸುವುದೇ ಅಪಾಯ. ಬಹುಕಾಲದ ನಿದ್ದೆಯ ಮಾತ್ರೆ, ಫಿಟ್ಸ್ ಮಾತ್ರೆ, ಸ್ಟೀರಾಯ್ಡ್, ಹೃದಯದ ಬಡಿತ ತಗ್ಗಿಸುವ ಮಾತ್ರೆ ಇವನ್ನು ವೈದ್ಯರ ನಿಗಾದಲ್ಲಿ ಮೆಲ್ಲಮೆಲ್ಲನೆ ಇಳಿಸಬೇಕು.

ಇಳಿಸುವುದು ಸುಲಭವೂ ಅಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ ೬೫ ದಾಟಿದ ೯೩ ಜನರ ಮೇಲೆ ನಡೆದು ೧೯೯೯ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ನಿದ್ದೆ-ಮನಸ್ಸುಗಳ ಮಾತ್ರೆಗಳನ್ನು ಕ್ರಮೇಣ ಇಳಿಸಿದವರಲ್ಲಿ ಬೀಳುವ ಅಪಾಯ ಶೇಕಡ ೬೬ರಷ್ಟು ತಗ್ಗಿತು. ಆದರೆ ಅಧ್ಯಯನ ಮುಗಿದ ಒಂದೇ ತಿಂಗಳಲ್ಲಿ ಅವರಲ್ಲಿ ಶೇಕಡ ೪೭ರಷ್ಟು ಜನ ಮತ್ತೆ ಮಾತ್ರೆ ಆರಂಭಿಸಿದರು. ರೂಢಿಯ ಬಲ ಇಂಥದು. ಆದ್ದರಿಂದ ಮಾತ್ರೆ ಬಿಡಿಸಿದರೆ ಸಾಲದು. ಹಗಲು ನಿದ್ದೆ ತಪ್ಪಿಸುವುದು, ಸಂಜೆಯ ಚಹ ಬಿಡುವುದು, ಬಿಸಿಲಲ್ಲಿ ಸ್ವಲ್ಪ ನಡೆಯುವುದು, ಮಾತಿಗೆ ಜನ ಇರುವುದು ಇವೆಲ್ಲ ಅದರ ಸ್ಥಾನ ತುಂಬಬೇಕು.

ಮಾಡಬೇಕಾದುದೇನು?

ಮೊದಲನೆಯದು, ಚೀಲ. ಮನೆಯಲ್ಲಿ ಹಿರಿಯರು ತೆಗೆದುಕೊಳ್ಳುವ ಮಾತ್ರೆ, ಕಷಾಯ, ಪುಡಿ, ಕಣ್ಣಿನ ಹನಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಒಬ್ಬರೇ ವೈದ್ಯರ ಮುಂದೆ ಸುರಿಯಬೇಕು. ಐದು ಅಥವಾ ಹೆಚ್ಚು ಔಷಧಿಗಳಿದ್ದರೆ ಇದನ್ನು ಆರು ತಿಂಗಳಿಗೊಮ್ಮೆ ಮಾಡುವುದು ಲೇಸು.

ಎರಡನೆಯದು, ಪ್ರಶ್ನೆ. ಇದು ಯಾವುದಕ್ಕೆ? ಎಷ್ಟು ದಿನ? ಈಗಲೂ ಬೇಕೆ? ಈ ಹೊಸ ತೊಂದರೆ ಹಳೆಯ ಮಾತ್ರೆಯಿಂದ ಬಂದುದಲ್ಲವೆ? ವಿನಯದಿಂದ ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ಮೂರನೆಯದು, ನಿಂತಾಗಿನ ರಕ್ತದೊತ್ತಡ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ಅಳೆಯಬೇಕು. ಮೇಲಿನ ಅಂಕಿ ೨೦ ಅಥವಾ ಹೆಚ್ಚು ಇಳಿದರೆ ಅದು ಬೀಳುವ ಮುನ್ಸೂಚನೆ, ವೈದ್ಯರಿಗೆ ತಿಳಿಸಬೇಕು.

ನಾಲ್ಕನೆಯದು, ದಿನಾಂಕ. ಹೊಸ ಮಾತ್ರೆ ಶುರುವಾದ ದಿನವನ್ನು ಪಂಚಾಂಗದಲ್ಲೋ ಗೋಡೆಯ ಕ್ಯಾಲೆಂಡರಿನಲ್ಲೋ ಬರೆದಿಡಬೇಕು. ನಡಿಗೆ, ನೆನಪು, ನಿದ್ದೆ ಕೆಟ್ಟದ್ದು ಯಾವಾಗಿನಿಂದ ಎಂಬುದು ಅದರ ಪಕ್ಕದಲ್ಲಿಯೇ ಕಾಣುತ್ತದೆ.

ಐದನೆಯದು, ಡಬ್ಬಿ ಯಾರ ಕೈಯಲ್ಲಿ ಎಂಬುದು. ಬುದ್ಧಿ ಸರಿಯಿರುವ ಹಿರಿಯರ ಕೈಯಿಂದ ಅದನ್ನು ಕಸಿಯಬಾರದು. ಬೆಳಿಗ್ಗೆ-ರಾತ್ರಿ ಎಂದು ಬೇರ್ಪಡಿಸಿದ ವಾರದ ಡಬ್ಬಿ, ದೊಡ್ಡ ಕನ್ನಡ ಅಕ್ಷರದ ಚೀಟಿ ಇವಿಷ್ಟು ಮಾಡಿಕೊಟ್ಟರೆ ಸಾಕು. ಎಂಟನೆಯ ಆ ಸಾಮರ್ಥ್ಯ ಅವರಲ್ಲಿಯೇ ಉಳಿಯಲಿ.

ಮುಂದೇನಾಯಿತು?

ಆ ತಾಯಿಯನ್ನು ತಾಲ್ಲೂಕಿನ ಒಬ್ಬ ಹಿರಿಯ ವೈದ್ಯರ ಬಳಿ ಕರೆದೊಯ್ದೆವು. ಅವರು ಮೊದಲು ಕೇಳಿದ್ದು ಚೀಲವನ್ನು. ಒಂಬತ್ತು ಬಗೆಯ ಗುಳಿಗೆಗಳು ಮೇಜಿನ ಮೇಲೆ ಬಿದ್ದವು. ತಲೆಸುತ್ತಿನ ಮಾತ್ರೆ, ಹೊಟ್ಟೆಯುಬ್ಬರದ ಕ್ಯಾಪ್ಸೂಲು ಅಂದೇ ನಿಂತವು. ರಕ್ತದೊತ್ತಡದ ಮಾತ್ರೆ ಬದಲಾಯಿತು. ಬಾವು ಇಳಿದ ಮೇಲೆ ಮೂತ್ರದ ಮಾತ್ರೆಯೂ ನಿಂತಿತು. ನಿದ್ದೆಯ ಗುಳಿಗೆಯನ್ನು ಅರ್ಧ, ಕಾಲು ಎಂದು ಇಳಿಸಲು ಎರಡೂವರೆ ತಿಂಗಳು ಹಿಡಿಯಿತು. ಆ ದಿನಗಳಲ್ಲಿ ಮೊಮ್ಮಗಳು ಬಂದು ಜೊತೆಗಿದ್ದಳು. ಮಗ ಹಿತ್ತಿಲಿಗೆ ದೀಪ ಹಾಕಿಸಿದರು, ಬಚ್ಚಲಿನ ಗೋಡೆಗೆ ಹಿಡಿಕೆ ಜಡಿಸಿದರು.

ಎಲ್ಲವೂ ಮರಳಿತೆಂದು ಹೇಳಿದರೆ ಸುಳ್ಳಾದೀತು. ಎಮ್ಮೆ ಮತ್ತೆ ಬರಲಿಲ್ಲ. ದೂರ ನಡೆಯುವಾಗ ಕೋಲು ಬೇಕು. ಸಂತೆಗೆ ನೆರೆಮನೆಯ ಹುಡುಗ ಹೋಗಿಬರುತ್ತಾನೆ. ಆದರೆ ಐದನೆಯ ತಿಂಗಳಲ್ಲಿ ನಾವು ಆ ಮನೆಗೆ ಹೋದಾಗ ತಾಯಿಯವರು ಪೂಜೆಗೆ ಕುಳಿತಿದ್ದರು. ನಾವು ಬಾಗಿಲಲ್ಲಿಯೇ ನಿಂತೆವು. ಎಡಗೈ ನಡುಗುತ್ತಿರಲಿಲ್ಲ. ಪೂಜೆ ಮುಗಿಸಿ ಎದ್ದು, ನಮಗೆ ಪ್ರಸಾದಕ್ಕೆ ಕೂಡಿರೆಂದು ಹೇಳಿ, ಉಗ್ರಾಣದ ಬಾಗಿಲು ತೆರೆಯಲು ಸೊಂಟದ ಕೀಲಿಕೈ ತೆಗೆದರು.

ಸದ್ಭಕ್ತರಲ್ಲಿ, ಗೃಹಸ್ಥ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೇ. ನಿಮ್ಮ ಮನೆಯ ಹಿರಿಯರು ಈ ವರ್ಷ ಕೈಬಿಟ್ಟ ಕೆಲಸಗಳು ಯಾವುವೆಂದು ಒಮ್ಮೆ ಎಣಿಸಿರಿ. ಅವರ ಕೀಲಿಕೈ ಇಸಿದುಕೊಳ್ಳುವ ಮುನ್ನ ಅವರ ಮಾತ್ರೆಯ ಡಬ್ಬಿಯನ್ನು ಬಲ್ಲವರ ಮುಂದೆ ತೆರೆಯಿರಿ. ಮುಪ್ಪು ತನ್ನ ಪಾಲನ್ನು ತಾನೇ ತೆಗೆದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿನದನ್ನು ನಾವು ಕೊಡಬೇಕಾಗಿಲ್ಲ.